ಬಿಲ್ಲಿನಲ್ಲಿ ಮರಕ್ಕೆ ಎರಡು ಹೆಸರಿರಲಿ

ವ್ಯಾಪಾರದಲ್ಲಿ ಸರಕಿನ ಹೆಸರೇ ಒಪ್ಪಂದದ ಮೊದಲ ಷರತ್ತು. ತೂಕ, ಅಳತೆ, ದರ, ವಾಯಿದೆ ಇವೆಲ್ಲವೂ ಅದರ ನಂತರ ಬರತಕ್ಕವು. ಅಕ್ಕಿಯ ವರ್ತಕರು ತಳಿಯ ಹೆಸರಿಲ್ಲದೆ ಬಿಲ್ಲು ಬರೆಯುವುದಿಲ್ಲ. ಉಕ್ಕಿನ ವರ್ತಕರು ದರ್ಜೆಯನ್ನು ನಮೂದಿಸದೆ ಮಾಲು ಕಳುಹಿಸುವುದಿಲ್ಲ. ಆದರೆ ನಾಟಾ, ಹಲಗೆ, ತೊಗಟೆ, ಮರದ ಎಣ್ಣೆ, ಪೀಠೋಪಕರಣ ಮತ್ತು ಮರದ ಕರಕುಶಲ ವಸ್ತುಗಳ ವ್ಯವಹಾರದಲ್ಲಿ ಈ ಎಚ್ಚರ ಕಾಣುವುದು ಅಪರೂಪ. ‘ಟೀಕ್’, ‘ರೋಸ್‌ವುಡ್’, ‘ಕಾಡುಮರ’, ‘ಜಂಗಲ್‌ವುಡ್’ ಎಂಬ ನಾಲ್ಕೈದು ಪದಗಳಲ್ಲಿಯೇ ಲಕ್ಷಾಂತರ ರೂಪಾಯಿಗಳ ವಹಿವಾಟು ದಾಖಲಾಗುತ್ತದೆ.

ಈ ಅಜಾಗರೂಕತೆಯ ಬೆಲೆಯನ್ನು ತೆರುವವರು ಸಾಮಾನ್ಯವಾಗಿ ಸಣ್ಣ ವರ್ತಕರು ಮತ್ತು ಸಣ್ಣ ಉತ್ಪಾದಕರು. ದೊಡ್ಡ ರಫ್ತು ಸಂಸ್ಥೆಗೆ ಪ್ರಯೋಗಾಲಯವಿದೆ, ವಕೀಲರಿದ್ದಾರೆ. ಸಣ್ಣ ಸಾಮಿಲ್ಲಿನ ಮಾಲೀಕರಿಗೆ, ಬೊಂಬೆ ತಯಾರಿಸುವ ಕುಟುಂಬಕ್ಕೆ, ಗ್ರಂಧಿಗೆ ಅಂಗಡಿಯವರಿಗೆ ತಮ್ಮ ಬಿಲ್ಲೊಂದೇ ಸಾಕ್ಷಿ. ಆ ಸಾಕ್ಷಿಯಲ್ಲಿ ಸರಕಿನ ಹೆಸರೇ ಅಸ್ಪಷ್ಟವಾಗಿದ್ದರೆ ಮಿಕ್ಕ ಲೆಕ್ಕಪತ್ರಗಳೆಷ್ಟು ಶುದ್ಧವಾಗಿದ್ದರೂ ಪ್ರಯೋಜನ ಕಡಿಮೆ. ಮರದ ವ್ಯವಹಾರದ ಪ್ರತಿಯೊಂದು ಬಿಲ್ಲಿನಲ್ಲಿಯೂ ರೂಢಿಯ ಹೆಸರು ಮತ್ತು ವೈಜ್ಞಾನಿಕ ಹೆಸರು ಎರಡೂ ಜೊತೆಜೊತೆಯಾಗಿ ಇರಬೇಕು. ಇವೆರಡರಲ್ಲಿ ಯಾವುದೊಂದೂ ತಾನೊಂದೇ ಸಾಲದು ಎಂಬುದನ್ನು ತೆರಿಗೆ ಕಾನೂನು, ರಫ್ತಿನ ನಿಯಮಗಳು ಮತ್ತು ಮಾರುಕಟ್ಟೆಯ ಅನುಭವ ಮೂರೂ ತೋರಿಸಿಕೊಡುತ್ತವೆ.

ಒಂದು ಮರ, ಹಲವು ಹೆಸರು

ಹಳೆಯ ಮೈಸೂರಿನ ಕಡೆ ತೇಗವೆಂದು ಕರೆಯುವ ಮರವನ್ನು ಉತ್ತರ ಕರ್ನಾಟಕದಲ್ಲಿ ಸಾಗುವಾನಿ ಎನ್ನುತ್ತಾರೆ. ತಮಿಳು, ಮಲಯಾಳಗಳಲ್ಲಿ ಅದು ತೇಕ್ಕು, ತೆಲುಗಿನಲ್ಲಿ ಟೇಕು, ಹಿಂದಿ, ಮರಾಠಿಗಳಲ್ಲಿ ಸಾಗವಾನ, ಸಂಸ್ಕೃತದಲ್ಲಿ ಶಾಕ. ದಕ್ಷಿಣದ ತೇಕ್ಕು ಎಂಬ ಪದವೇ ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ಹೋಗಿ ‘ಟೀಕ್’ ಆಯಿತು. ಹೊನ್ನೆಯ ಮರ ತಮಿಳಿನಲ್ಲಿ ವೇಂಗೈ, ಮಲಯಾಳದಲ್ಲಿ ವೇಂಗ, ಮರಾಠಿಯಲ್ಲಿ ಬಿಬಳಾ, ಹಿಂದಿಯಲ್ಲಿ ಬಿಜಾಸಾಲ್. ಬೆಳಗಾವಿಯಿಂದ ಹೊನ್ನೆಯ ಹೆಸರಿನಲ್ಲಿ ಹೊರಟ ಹಲಗೆ ಕೊಲ್ಹಾಪುರದ ದಾಸ್ತಾನು ವಹಿಯಲ್ಲಿ ಬಿಬಳಾ ಎಂದು ಜಮೆಯಾಗಬಹುದು. ಸರಕು ಒಂದೇ, ದಾಖಲೆಯಲ್ಲಿ ಮಾತ್ರ ಎರಡು. ಎರಡು ರಾಜ್ಯಗಳ ಅಧಿಕಾರಿಗಳು ರಹದಾರಿಯನ್ನೂ ಬಿಲ್ಲನ್ನೂ ಒಟ್ಟಿಗೆ ಇಟ್ಟು ನೋಡುವಾಗ ಈ ವ್ಯತ್ಯಾಸ ಪ್ರಶ್ನೆಯಾಗಿ ಏಳುತ್ತದೆ. ಅಂತರರಾಜ್ಯ ಸಾಗಣೆಯನ್ನು ಸುಗಮಗೊಳಿಸಲು ಕೇಂದ್ರ ಸರ್ಕಾರ 2023ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ರಹದಾರಿ ವ್ಯವಸ್ಥೆಯನ್ನು ದೇಶವ್ಯಾಪಿಯಾಗಿ ಆರಂಭಿಸಿತು. ರಹದಾರಿ ಒಂದಾದರೂ ಭಾಷೆಗಳು ಹಲವು ಎಂಬುದು ಹಾಗೆಯೇ ಉಳಿದಿದೆ.

ಈ ತೊಡಕನ್ನು ಬಿಡಿಸಲೆಂದೇ ವೈಜ್ಞಾನಿಕ ನಾಮಕರಣ ಹುಟ್ಟಿತು. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ಪ್ರಕಟಿಸಿದ ‘ಸ್ಪೀಷೀಸ್ ಪ್ಲಾಂಟಾರಮ್’ ಗ್ರಂಥದಿಂದ ಸಸ್ಯಗಳ ಎರಡು ಪದಗಳ ಹೆಸರಿನ ಪದ್ಧತಿ ನೆಲೆಗೊಂಡಿತು. ಮೊದಲನೆಯ ಪದ ಜಾತಿಯನ್ನೂ ಎರಡನೆಯದು ಪ್ರಭೇದವನ್ನೂ ಸೂಚಿಸುತ್ತವೆ. ಲೆಕ್ಕದ ಪುಸ್ತಕದಲ್ಲಿ ಮುಖ್ಯ ಶೀರ್ಷಿಕೆ ಮತ್ತು ಅದರಡಿಯ ಖಾತೆ ಇದ್ದಂತೆ. ತೇಗ ಟೆಕ್ಟೋನಾ ಗ್ರಾಂಡಿಸ್, ಹೊನ್ನೆ ಟೆರೋಕಾರ್ಪಸ್ ಮಾರ್ಸೂಪಿಯಮ್, ಬೀಟೆ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ, ಶ್ರೀಗಂಧ ಸ್ಯಾಂಟಲಮ್ ಆಲ್ಬಮ್. ಒಬ್ಬ ವ್ಯಕ್ತಿಯನ್ನು ಮನೆಯಲ್ಲಿ ಒಂದು ಹೆಸರಿನಿಂದ, ಪೇಟೆಯಲ್ಲಿ ಇನ್ನೊಂದು ಹೆಸರಿನಿಂದ ಕರೆದರೂ ಆದಾಯ ತೆರಿಗೆ ಇಲಾಖೆಗೆ ಆತನ ಪ್ಯಾನ್ ಸಂಖ್ಯೆ ಒಂದೇ. ಮರಕ್ಕೆ ವೈಜ್ಞಾನಿಕ ಹೆಸರು ಅಂತಹ ಪ್ಯಾನ್ ಸಂಖ್ಯೆ.

ಒಂದು ಹೆಸರು, ಹಲವು ಮರ

ಒಂದು ಮರಕ್ಕೆ ಹಲವು ಹೆಸರಿರುವುದು ಅನಾನುಕೂಲವಷ್ಟೆ. ಒಂದೇ ಹೆಸರು ಹಲವು ಮರಗಳಿಗೆ ಅಂಟಿಕೊಂಡಿರುವುದು ಅಪಾಯ. ‘ಟೀಕ್’ ಎಂಬ ಪದವನ್ನೇ ನೋಡಬಹುದು. ಪಶ್ಚಿಮ ಘಟ್ಟದ ನಂದಿ ಮರಕ್ಕೆ ಮಲಯಾಳದಲ್ಲಿ ವೆಂತೇಕ್ಕು ಎಂಬ ಹೆಸರಿದೆ. ಅದೇ ಇಂಗ್ಲಿಷ್ ವ್ಯಾಪಾರದಲ್ಲಿ ‘ಬೆಂಟೀಕ್’ ಆಯಿತು. ಮರ ಮಾತ್ರ ಲ್ಯಾಗರ್ಸ್ಟ್ರೋಮಿಯಾ ಮೈಕ್ರೋಕಾರ್ಪಾ. ತೇಗದ ಕುಟುಂಬಕ್ಕೆ ಸೇರಿದ್ದಲ್ಲ. ‘ಆಫ್ರಿಕನ್ ಟೀಕ್’ ಎಂಬ ಹೆಸರಿನಲ್ಲಿ ಇರೋಕೋ ಎಂಬ ಮಿಲಿಸಿಯಾ ಎಕ್ಸೆಲ್ಸಾ ಬರಬಹುದು, ಅಫ್ರೊರ್ಮೋಸಿಯಾ ಎಂಬ ಪೆರಿಕಾಪ್ಸಿಸ್ ಇಲಾಟಾ ಬರಬಹುದು, ಆಫ್ರಿಕದ ನೆಡುತೋಪುಗಳಲ್ಲಿ ಬೆಳೆದ ನಿಜವಾದ ತೇಗವೂ ಬರಬಹುದು. ಮೂರರ ಬೆಲೆ ಬೇರೆ, ಬಾಳಿಕೆ ಬೇರೆ, ಕಾನೂನು ಬೇರೆ. ಅಫ್ರೊರ್ಮೋಸಿಯಾ 1992ರಿಂದಲೂ ಅಂತರರಾಷ್ಟ್ರೀಯ ನಿಯಂತ್ರಣದ ಪಟ್ಟಿಯಲ್ಲಿರುವ ಮರ. ‘ಆಫ್ರಿಕನ್ ಟೀಕ್ ಸೈಜು’ ಎಂದಷ್ಟೇ ಬರೆದ ಬಿಲ್ಲನ್ನು ಹಿಡಿದು ಖರೀದಿದಾರ ದೂರಿತ್ತರೆ ಮಾರಿದವರು ಏನನ್ನು ಮಾರಿದೆವೆಂದು ಸಿದ್ಧಪಡಿಸುವುದು ಕಷ್ಟ.

ಇತರ ಉದಾಹರಣೆಗಳೂ ಕಡಿಮೆಯಿಲ್ಲ. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಯುವ ಸಿಲ್ವರ್ ಓಕ್ ಮರ ಓಕ್ ಅಲ್ಲ. ಆಸ್ಟ್ರೇಲಿಯಾ ಮೂಲದ ಗ್ರೆವಿಲ್ಲಿಯಾ ರೊಬಸ್ಟಾ. ಮತ್ತಿ ಮರಕ್ಕೆ ವ್ಯಾಪಾರದ ಇಂಗ್ಲಿಷಿನಲ್ಲಿ ‘ಲಾರೆಲ್’ ಎಂದು ಹೆಸರು. ಯುರೋಪಿನವರ ಲಾರೆಲ್ ಬೇರೆಯೇ ಸಸ್ಯ. ಪ್ಲೈವುಡ್ ತಯಾರಿಕೆಗಾಗಿ ರೈತರು ಬೆಳೆಸುತ್ತಿರುವ ಹೆಬ್ಬೇವು, ಅಂದರೆ ಮೀಲಿಯಾ ಡೂಬಿಯಾ, ಬೇವಿನ ಕುಟುಂಬದ್ದೇ ಆದರೂ ಬೇವಲ್ಲ. ಬೇವು ಅಜಾಡಿರಾಕ್ಟಾ ಇಂಡಿಕಾ. ‘ಮಲಬಾರ್ ನೀಮ್’ ಎಂಬ ಇಂಗ್ಲಿಷ್ ಹೆಸರು ಈ ಗೊಂದಲವನ್ನು ಹೆಚ್ಚಿಸಿದೆಯೇ ಹೊರತು ಕಡಿಮೆ ಮಾಡಿಲ್ಲ.

ಕನ್ನಡದ ಒಳಗೂ ಈ ಸಮಸ್ಯೆ ಇದೆ. ಚನ್ನಪಟ್ಟಣದ ಬೊಂಬೆಗಳ ಕೀರ್ತಿಗೆ ಕಾರಣವಾದ ನಯವಾದ ಬಿಳಿಯ ಮರ ಆಲೆ. ಕೆಲವೆಡೆ ಇದನ್ನು ಹಾಲೆ ಎಂದೂ ಕರೆಯುತ್ತಾರೆ. ಇದರ ವೈಜ್ಞಾನಿಕ ಹೆಸರು ರೈಟಿಯಾ ಟಿಂಕ್ಟೋರಿಯಾ. ಕರಾವಳಿಯವರಿಗೆ ಹಾಲೆ ಅಥವಾ ಪಾಲೆ ಎಂದರೆ ಆಟಿ ಅಮಾವಾಸ್ಯೆಯಂದು ತೊಗಟೆಯ ಕಷಾಯ ಕುಡಿಯುವ ಮರ. ಅದು ಆಲ್ಸ್ಟೋನಿಯಾ ಸ್ಕೊಲಾರಿಸ್. ಇನ್ನು ಆಲ ಎಂದರೆ ಊರ ಮುಂದಿನ ಆಲದ ಮರ, ಫೈಕಸ್ ಬೆಂಘಾಲೆನ್ಸಿಸ್. ಒಂದು ಅಕ್ಷರದ ಅಂತರದಲ್ಲಿ ಮೂರು ಮರಗಳು. ಚನ್ನಪಟ್ಟಣದ ಬೊಂಬೆಗಳಿಗೆ ಭೌಗೋಳಿಕ ಗುರುತಿನ ರಕ್ಷಣೆ ದೊರೆತಿದೆ. ಆ ಗುರುತನ್ನು ನಂಬಿ ಖರೀದಿಸುವ ಹೊರದೇಶದ ವ್ಯಾಪಾರಿಗೆ ‘ಆಲೆ ಮರ’ ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. ‘ಹಾಲೆ’ ಎಂದರೆ ತಪ್ಪೇ ತಿಳಿಯಬಹುದು.

ಔಷಧೀಯ ಸಾಮಗ್ರಿಗಳ ವ್ಯಾಪಾರದಲ್ಲಿ ಹೆಸರಿನ ತಪ್ಪು ಇನ್ನೂ ಗಂಭೀರ. ಅಶೋಕಾರಿಷ್ಟಕ್ಕೆ ಬೇಕಾದದ್ದು ಸರಾಕಾ ಅಸೋಕಾ ಎಂಬ ಮರದ ತೊಗಟೆ. ರಸ್ತೆಯ ಬದಿಯಲ್ಲಿ, ಕಚೇರಿಗಳ ಆವರಣದಲ್ಲಿ ಕಂಬದಂತೆ ನೆಟ್ಟಗೆ ಬೆಳೆಯುವ ಮರವನ್ನೂ ಜನ ಅಶೋಕವೆಂದೇ ಕರೆಯುತ್ತಾರೆ. ಅದು ಮೋನೂನ್ ಲಾಂಗಿಫೋಲಿಯಮ್, ಸೀತಾಫಲದ ಕುಟುಂಬದ್ದು. ನಿಜವಾದ ಅಶೋಕ ಅಪರೂಪವಾಗುತ್ತಿರುವಾಗ ಎರಡನೆಯದರ ತೊಗಟೆ ಅದೇ ಹೆಸರಿನಲ್ಲಿ ಮಾರುಕಟ್ಟೆಗೆ ಬರುವುದು ಬಹುಕಾಲದಿಂದ ತಿಳಿದಿರುವ ಕಲಬೆರಕೆ. ತೊಗಟೆ ಮಾರಿದವರು ‘ಅಶೋಕ’ ಎಂದು ಬರೆದು ಸುಳ್ಳು ಹೇಳಿದಂತಾಗಲಿಲ್ಲ. ಆದರೆ ಕೊಂಡ ಔಷಧ ತಯಾರಕರ ಮಾಲು ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ನಷ್ಟ ಯಾರದೆಂಬ ಪ್ರಶ್ನೆಗೆ ಆ ಬಿಲ್ಲಿನಲ್ಲಿ ಉತ್ತರವಿರುವುದಿಲ್ಲ.

ಶ್ರೀಗಂಧದ ವಿಷಯ ಕರ್ನಾಟಕಕ್ಕೆ ಹತ್ತಿರದ್ದು. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾದಂದಿನಿಂದ ಈ ನಾಡಿನ ಹೆಸರು ಆ ಎಣ್ಣೆಯೊಡನೆ ಸೇರಿಕೊಂಡಿದೆ. ಆದರೆ ವಿಶ್ವದ ಮಾರುಕಟ್ಟೆಯಲ್ಲಿ ‘ಸ್ಯಾಂಡಲ್‌ವುಡ್’ ಎಂಬ ಹೆಸರು ಹೊತ್ತ ಮರಗಳು ಹಲವು. ಆಸ್ಟ್ರೇಲಿಯಾದ ಸ್ಯಾಂಟಲಮ್ ಸ್ಪಿಕೇಟಮ್ ಬೇರೆ ಪ್ರಭೇದ. ಪೂರ್ವ ಆಫ್ರಿಕದ ಆಸಿರಿಸ್ ಲ್ಯಾನ್ಸಿಯೊಲೇಟಾ ಬೇರೆ ಜಾತಿ. ‘ವೆಸ್ಟ್ ಇಂಡಿಯನ್ ಸ್ಯಾಂಡಲ್‌ವುಡ್’ ಎಂಬ ಹೆಸರಿನ ಎಣ್ಣೆಯ ಮೂಲವಾದ ಅಮೈರಿಸ್ ಬಾಲ್ಸಮಿಫೆರಾ ಬೇರೆ ಕುಟುಂಬವೇ. ಆದ್ದರಿಂದಲೇ ಗಂಧದೆಣ್ಣೆಯ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 3518 ತನ್ನ ಶೀರ್ಷಿಕೆಯಲ್ಲಿಯೇ ಸ್ಯಾಂಟಲಮ್ ಆಲ್ಬಮ್ ಎಂಬ ಹೆಸರನ್ನು ಸೇರಿಸಿಕೊಂಡಿದೆ. ಎಣ್ಣೆಯಲ್ಲಿ ಆಲ್ಫಾ ಸ್ಯಾಂಟಲಾಲ್ ಶೇಕಡಾ 41ರಿಂದ 55, ಬೀಟಾ ಸ್ಯಾಂಟಲಾಲ್ ಶೇಕಡಾ 16ರಿಂದ 24 ಇರಬೇಕೆಂಬುದು ಅದರ ಅಳತೆ. 2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿಯಾದ ಮೇಲೆ ಜಮೀನಿನ ಒಡೆಯರೇ ತಮ್ಮ ನೆಲದ ಶ್ರೀಗಂಧಕ್ಕೂ ಒಡೆಯರಾದರು. ಆ ರೈತರ ಶ್ರಮಕ್ಕೆ ಸರಿಯಾದ ಬೆಲೆ ದೊರೆಯಬೇಕಾದರೆ ಅವರ ಮರ ಯಾವ ಗಂಧವೆಂಬುದು ಬರಹದಲ್ಲಿ ಸ್ಪಷ್ಟವಾಗಿರಬೇಕು.

ತೆರಿಗೆಯ ಕಣ್ಣಿನಲ್ಲಿ ರೂಢಿಯ ಹೆಸರು

ಹಾಗಾದರೆ ವೈಜ್ಞಾನಿಕ ಹೆಸರೊಂದನ್ನೇ ಬರೆದರೆ ಸಾಲದೆ? ಸಾಲದು. ತೆರಿಗೆ ಕಾನೂನಿನಲ್ಲಿ ಸರಕನ್ನು ಗುರುತಿಸುವ ಮೊದಲ ಅಳತೆಗೋಲು ಜನರ ಮತ್ತು ವರ್ತಕರ ಬಳಕೆಯ ಮಾತು. ವೀಳ್ಯದೆಲೆ ತರಕಾರಿಯೇ ಎಂಬ ಪ್ರಶ್ನೆ 1961ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಅಕೋಲಾದ ಮಾರಾಟ ತೆರಿಗೆ ಅಧಿಕಾರಿಯ ವಿರುದ್ಧದ ರಾಮಾವತಾರ ಬುಧೈಪ್ರಸಾದ್ ಪ್ರಕರಣವದು. ಸಸ್ಯಶಾಸ್ತ್ರದ ಅರ್ಥದಲ್ಲಿ ಎಲೆಯೂ ಸಸ್ಯವೇ. ಆದರೆ ತೆರಿಗೆ ಕಾಯಿದೆಯ ಪದವನ್ನು ಜನಬಳಕೆಯ ಅರ್ಥದಲ್ಲಿ ತಿಳಿಯಬೇಕು, ವೀಳ್ಯದೆಲೆಯನ್ನು ಯಾರೂ ತರಕಾರಿ ಎನ್ನುವುದಿಲ್ಲ ಎಂದು ನ್ಯಾಯಾಲಯ ತೀರ್ಮಾನಿಸಿತು. ವರ್ತಕರು ಕೇಳಿದ ವಿನಾಯಿತಿ ದೊರೆಯಲಿಲ್ಲ.

1967ರಲ್ಲಿ ಇದೇ ಅಳತೆಗೋಲು ವರ್ತಕರ ಪರವಾಗಿಯೂ ಕೆಲಸ ಮಾಡಿತು. ಮರ ಸುಟ್ಟು ಮಾಡಿದ ಇದ್ದಿಲು, ತೆರಿಗೆ ಪಟ್ಟಿಯ ‘ಕೋಲ್’ ಎಂಬ ಪದದೊಳಗೆ ಸೇರುತ್ತದೆಯೇ ಎಂಬುದು ಮಧ್ಯಪ್ರದೇಶದ ಜಸ್ವಂತ್ ಸಿಂಗ್ ಚರಣ್ ಸಿಂಗ್ ಪ್ರಕರಣದ ಪ್ರಶ್ನೆ. ಭೂಗರ್ಭಶಾಸ್ತ್ರದ ಪ್ರಕಾರ ಎರಡೂ ಬೇರೆ. ಆದರೆ ಕೊಳ್ಳುವ, ಮಾರುವ ಜನರ ಮಾತಿನಲ್ಲಿ ಇದ್ದಿಲೂ ಅದರೊಳಗೆ ಸೇರುತ್ತದೆಂದು ನ್ಯಾಯಾಲಯ ಹೇಳಿತು. ಕನ್ನಡದಲ್ಲಿ ಕಲ್ಲಿದ್ದಲು ಎಂಬ ಪದವೇ ಇದ್ದಿಲನ್ನು ಒಳಗಿಟ್ಟುಕೊಂಡಿರುವುದನ್ನು ನೋಡಿದರೆ ಈ ತೀರ್ಪು ಇಲ್ಲಿನವರಿಗೆ ಆಶ್ಚರ್ಯವೆನಿಸದು.

ಆದರೆ ಈ ನಿಯಮಕ್ಕೆ ಒಂದು ಮಿತಿಯಿದೆ. ಕಾನೂನೇ ತನ್ನ ಪಟ್ಟಿಯಲ್ಲಿ ವೈಜ್ಞಾನಿಕ ಅಥವಾ ತಾಂತ್ರಿಕ ಅರ್ಥದ ಪದವನ್ನು ಬಳಸಿದ್ದರೆ ರೂಢಿಯ ಮಾತು ಹಿಂದೆ ಸರಿಯುತ್ತದೆ. ಜಿಎಸ್‌ಟಿಯ ಎಚ್‌ಎಸ್‌ಎನ್ ಸಂಕೇತಗಳಿಗೆ ಆಧಾರವಾದ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ದಾಲ್ಚಿನ್ನಿಯ ಉಪಶೀರ್ಷಿಕೆ 0906 11 ಸಿನ್ನಮೋಮಮ್ ಜೈಲಾನಿಕಮ್ ಎಂಬ ಪ್ರಭೇದಕ್ಕಷ್ಟೇ ಮೀಸಲು. ಪೇಟೆಯಲ್ಲಿ ಚಕ್ಕೆ ಎಂದೇ ಮಾರಾಟವಾಗುವ ಕ್ಯಾಸಿಯಾ ಆ ಶೀರ್ಷಿಕೆಯೊಳಗೆ ಬರುವುದಿಲ್ಲ. ಮರದ ವಸ್ತುಗಳ 44ನೇ ಅಧ್ಯಾಯದಲ್ಲಿಯೂ 2022ರ ಜನವರಿಯಿಂದ ಜಾರಿಗೆ ಬಂದ ಆವೃತ್ತಿಯಲ್ಲಿ ತೇಗದ ದಿಮ್ಮಿ ಮತ್ತು ಕೊಯ್ದ ತೇಗಕ್ಕೆ ಪ್ರತ್ಯೇಕ ಉಪಶೀರ್ಷಿಕೆಗಳಿವೆ. ವಿಶ್ವ ಸುಂಕ ಸಂಘಟನೆಯ ವಿವರಣಾತ್ಮಕ ಟಿಪ್ಪಣಿಗಳಲ್ಲಿ ಉಷ್ಣವಲಯದ ಮರಗಳ ಪ್ರಮುಖ ಹೆಸರು, ವೈಜ್ಞಾನಿಕ ಹೆಸರು ಮತ್ತು ಬೇರೆ ಬೇರೆ ದೇಶಗಳ ಸ್ಥಳೀಯ ಹೆಸರುಗಳನ್ನು ಎದುರುಬದುರು ಇಟ್ಟ ಅನುಬಂಧವೇ ಇದೆ.

ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರು 2021ರ ಏಪ್ರಿಲ್ 1ರಿಂದ ಬಿಲ್ಲಿನಲ್ಲಿ 6 ಅಂಕಿಗಳ ಸಂಕೇತವನ್ನು ನಮೂದಿಸಬೇಕಾಗಿದೆ. ಅಂಕಿಗಳು ಹೆಚ್ಚಿದಷ್ಟೂ ಮರದ ಗುರುತು ಸೂಕ್ಷ್ಮವಾಗುತ್ತದೆ. ಕೇಂದ್ರ ಜಿಎಸ್‌ಟಿ ನಿಯಮಗಳ 46ನೇ ನಿಯಮ ಸಂಕೇತದ ಜೊತೆಗೆ ಸರಕಿನ ವಿವರಣೆಯನ್ನೂ ಕೇಳುತ್ತದೆ. ವಿವರಣೆ ‘ಜಂಗಲ್‌ವುಡ್’ ಎಂದಿದ್ದು ಸಂಕೇತ ತೇಗದ್ದಾಗಿದ್ದರೆ, ಅಥವಾ ವಿವರಣೆ ‘ಟೀಕ್’ ಎಂದಿದ್ದು ಒಳಗಿರುವುದು ನಂದಿಯಾಗಿದ್ದರೆ, ವಿವಾದಕ್ಕೆ ಬೀಜ ಬಿತ್ತಿದಂತೆಯೇ. ಬ್ಯಾಂಕಿಗೆ ಸಲ್ಲಿಸುವ ದಾಸ್ತಾನು ವಿವರಣೆಗೂ, ಬೆಂಕಿ ಅನಾಹುತದ ನಂತರ ವಿಮೆಯ ಸರ್ವೇಯರ್ ಕೇಳುವ ಲೆಕ್ಕಕ್ಕೂ ಇದೇ ಮಾತು ಅನ್ವಯಿಸುತ್ತದೆ. ಬೀಟೆಯನ್ನು ಕಾಡುಮರವೆಂದು ಬರೆದಿಟ್ಟವರಿಗೆ ಬೀಟೆಯ ಬೆಲೆಯಲ್ಲಿ ಪರಿಹಾರ ಕೇಳುವುದು ಸುಲಭವಲ್ಲ.

ಶಾಸ್ತ್ರದ ಮಾತು ಮತ್ತು ಕಾನೂನಿನ ಮಾತು ಎಷ್ಟು ದೂರವಿರಬಹುದೆಂಬುದಕ್ಕೆ ಬಿದಿರೇ ಸಾಕ್ಷಿ. ಸಸ್ಯಶಾಸ್ತ್ರದಲ್ಲಿ ಬಿದಿರು ಹುಲ್ಲಿನ ಕುಟುಂಬದ್ದು. ಆದರೆ 1927ರ ಭಾರತೀಯ ಅರಣ್ಯ ಕಾಯಿದೆ ‘ಮರ’ ಎಂಬ ಪದದೊಳಗೆ ಬಿದಿರನ್ನೂ ಸೇರಿಸಿತ್ತು. ಅರಣ್ಯದ ಹೊರಗೆ ತಮ್ಮದೇ ಹೊಲದಲ್ಲಿ ಬಿದಿರು ಬೆಳೆದವರಿಗೂ ಅದನ್ನು ಕಡಿದು ಸಾಗಿಸಲು ತೊಡಕಾಗಿತ್ತು. 2017ರ ತಿದ್ದುಪಡಿ ಆ ಒಂದು ಪದವನ್ನು ತೆಗೆದುಹಾಕಿತು. ಒಂದು ಹೆಸರು ಪಟ್ಟಿಯ ಒಳಗಿರುವುದಕ್ಕೂ ಹೊರಗಿರುವುದಕ್ಕೂ ನಡುವೆ ಒಂದು ಉದ್ಯಮದ ಭವಿಷ್ಯವೇ ನಿಂತಿರುತ್ತದೆ.

ಗಡಿಯಾಚೆ ವೈಜ್ಞಾನಿಕ ಹೆಸರು

ದೇಶದ ಗಡಿ ದಾಟಿದೊಡನೆ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದಕ್ಕೆ ಭಾರತ 1976ರಿಂದ ಸದಸ್ಯ. ಈ ಒಪ್ಪಂದದ ಪಟ್ಟಿಗಳು ವೈಜ್ಞಾನಿಕ ಹೆಸರುಗಳಲ್ಲಿಯೇ ಇವೆ. ರಕ್ತಚಂದನ, ಅಂದರೆ ಟೆರೋಕಾರ್ಪಸ್ ಸ್ಯಾಂಟಲೈನಸ್, 1995ರಿಂದ ಅದರ ಎರಡನೆಯ ಅನುಬಂಧದಲ್ಲಿದೆ. ಇಂಗ್ಲಿಷಿನಲ್ಲಿ ಇದನ್ನು ಕೆಂಪು ಶ್ರೀಗಂಧವೆಂಬ ಅರ್ಥದ ಹೆಸರಿನಿಂದ ಕರೆದರೂ ಶ್ರೀಗಂಧಕ್ಕೂ ಇದಕ್ಕೂ ಸಂಬಂಧವಿಲ್ಲ. ಕೆಂಪು ಮಣಿಯಂತಹ ಬೀಜ ಕೊಡುವ ಅಡೆನಾಂಥೆರಾ ಪವೋನಿನಾ ಎಂಬ ಮರಕ್ಕೂ ಅದೇ ಇಂಗ್ಲಿಷ್ ಹೆಸರಿದೆ.

‘ರೋಸ್‌ವುಡ್’ ಎಂಬ ಪದದ ಕಥೆ ರಫ್ತುದಾರರಿಗೆ ಪಾಠವಾಗಬೇಕು. ಬ್ರೆಜಿಲ್ ದೇಶದ ರೋಸ್‌ವುಡ್ ಡಾಲ್ಬರ್ಜಿಯಾ ನೈಗ್ರಾ 1992ರಿಂದ ಅತ್ಯಂತ ಕಟ್ಟುನಿಟ್ಟಾದ ಮೊದಲನೆಯ ಅನುಬಂಧದಲ್ಲಿದೆ. 2016ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ನಡೆದ ಸಮ್ಮೇಳನ ಡಾಲ್ಬರ್ಜಿಯಾ ಜಾತಿಯ ಉಳಿದೆಲ್ಲ ಪ್ರಭೇದಗಳನ್ನೂ ಎರಡನೆಯ ಅನುಬಂಧಕ್ಕೆ ಸೇರಿಸಿತು. 2017ರ ಜನವರಿ 2ರಿಂದ ಅದು ಜಾರಿಗೆ ಬಂದಿತು. ದಕ್ಷಿಣದ ಬೀಟೆಯೂ ಉತ್ತರದ ಶೀಶಮ್ ಎಂಬ ಡಾಲ್ಬರ್ಜಿಯಾ ಸಿಸ್ಸೂ ಕೂಡ ಅದರೊಳಗೆ ಬಂದವು. ಕೇವಲ ಎರಡು ಪದಗಳ ಹೆಸರಿನ ಮೊದಲ ಪದದ ಕಾರಣದಿಂದ ದೇಶದ ಮರದ ಕರಕುಶಲ ರಫ್ತು ತೊಂದರೆಗೆ ಸಿಲುಕಿತು. ಕರಕುಶಲ ವಸ್ತುಗಳ ರಫ್ತು ಉತ್ತೇಜನ ಮಂಡಳಿ ನೀಡುವ ‘ವೃಕ್ಷ್’ ಪ್ರಮಾಣಪತ್ರ ಅವಶ್ಯವಾಯಿತು. ಭಾರತ ಪ್ರಯತ್ನ ಬಿಡಲಿಲ್ಲ. 2022ರ ನವೆಂಬರ್‌ನಲ್ಲಿ ಪನಾಮಾ ಸಮ್ಮೇಳನದಲ್ಲಿ, ಒಂದೊಂದು ವಸ್ತುವಿನಲ್ಲಿರುವ ಮರದ ತೂಕ 10 ಕಿಲೋಗ್ರಾಂಗಿಂತ ಕಡಿಮೆಯಿದ್ದರೆ ಅಂತಹ ಎಷ್ಟೇ ಶೀಶಮ್ ವಸ್ತುಗಳನ್ನು ಒಂದೇ ರವಾನೆಯಲ್ಲಿ ಪರವಾನಗಿಯಿಲ್ಲದೆ ಕಳುಹಿಸಬಹುದೆಂಬ ಸ್ಪಷ್ಟನೆ ದೊರೆಯಿತು. ವಿನಾಯಿತಿಯ ಲಾಭ ಪಡೆಯಲು ಕೂಡ ಮರ ಯಾವುದೆಂದು ಮೊದಲು ಹೇಳಬೇಕಲ್ಲವೆ?

ಅಮೆರಿಕದ ಲೇಸಿ ಕಾಯಿದೆ 2008ರ ತಿದ್ದುಪಡಿಯ ನಂತರ ಆಮದಿನ ಘೋಷಣೆಯಲ್ಲಿ ಮರದ ಜಾತಿ ಮತ್ತು ಪ್ರಭೇದದ ವೈಜ್ಞಾನಿಕ ಹೆಸರನ್ನು ಕೇಳುತ್ತದೆ. ಯುರೋಪಿನ ಒಕ್ಕೂಟ 2023ರಲ್ಲಿ ಅಂಗೀಕರಿಸಿದ ಅರಣ್ಯನಾಶ ವಿರೋಧಿ ನಿಯಮದ ಜಾರಿಯ ದಿನಾಂಕ ಮುಂದೂಡಲ್ಪಟ್ಟಿದೆಯಾದರೂ ಅದರ ಬೇಡಿಕೆ ಸ್ಪಷ್ಟವಾಗಿದೆ: ಮರದ ಉತ್ಪನ್ನಗಳಿಗೆ ರೂಢಿಯ ಹೆಸರು ಮತ್ತು ಪೂರ್ಣ ವೈಜ್ಞಾನಿಕ ಹೆಸರು ಎರಡೂ ಬೇಕು. ಭಾರತದಲ್ಲಿಯೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ 2022ರ ತಿದ್ದುಪಡಿ ಸೈಟಿಸ್ ಪಟ್ಟಿಗಳನ್ನು ದೇಶದ ಕಾನೂನಿನ ಭಾಗವಾಗಿಸಿದೆ. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ರಫ್ತು ಮಾಡದವರಿಗೂ ಈ ವಿಷಯ ದೂರದ್ದಲ್ಲ. ರಫ್ತುದಾರರಿಗೆ ಬಿಡಿಭಾಗ ಪೂರೈಸುವ ಸಣ್ಣ ಘಟಕದ ಬಿಲ್ಲಿನಲ್ಲಿ ಹೆಸರಿಲ್ಲದಿದ್ದರೆ ರಫ್ತುದಾರರು ಬೇರೆ ಪೂರೈಕೆದಾರರನ್ನು ಹುಡುಕುತ್ತಾರೆ, ಅಷ್ಟೆ.

ವರ್ತಕರೇ ಮಾಡಿಸಿದ ಪಟ್ಟಿಗಳು

ಮರದ ಹೆಸರುಗಳನ್ನು ಹಲವು ಭಾಷೆಗಳಲ್ಲಿ ಹೊಂದಿಸುವ ಕೆಲಸ ಪಂಡಿತರದೆಂದು ತಿಳಿಯುವವರು ಇತಿಹಾಸವನ್ನು ನೋಡಬೇಕು. 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್ಸ್ಟರ್ಡ್ಯಾಮ್‌ನಲ್ಲಿ ಪ್ರಕಟವಾದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥವನ್ನು ಮಾಡಿಸಿದವನು ಡಚ್ಚರ ವ್ಯಾಪಾರ ಕಂಪನಿಯ ಅಧಿಕಾರಿ ವಾನ್ ರೀಡ್. ಕೊಚ್ಚಿಯಲ್ಲಿ ನಡೆದ ಆ ಕಾರ್ಯದಲ್ಲಿ ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರೊಂದಿಗೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು ನೆರವಾದರು. ಸಸ್ಯಗಳ ಹೆಸರುಗಳು ಅದರಲ್ಲಿ ಹಲವು ಲಿಪಿಗಳಲ್ಲಿ ಅಚ್ಚಾಗಿವೆ. ಲಿನೇಯಸ್ ಆ ಗ್ರಂಥವನ್ನು ಆಧಾರವಾಗಿ ಬಳಸಿಕೊಂಡನು. 1800ರಲ್ಲಿ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ಈಸ್ಟ್ ಇಂಡಿಯಾ ಕಂಪನಿಯ ನೌಕರನೇ. 1807ರಲ್ಲಿ ಪ್ರಕಟವಾದ ಅವನ ಪ್ರವಾಸ ಕಥನದಲ್ಲಿ ಇಲ್ಲಿನ ಕಾಡುಗಳ ಮರಗಳು ಸ್ಥಳೀಯ ಹೆಸರುಗಳೊಂದಿಗೆ ಪಟ್ಟಿಯಾಗಿವೆ. ಆ ಕಂಪನಿಗಳ ಉದ್ದೇಶ ಲಾಭವೇ ಆಗಿತ್ತು. ಕೊಳ್ಳುವ ಸರಕನ್ನು ಸರಿಯಾಗಿ ಗುರುತಿಸದೆ ಲಾಭವಿಲ್ಲವೆಂಬ ವ್ಯವಹಾರಜ್ಞಾನ ಅವರಲ್ಲಿತ್ತು.

ಸ್ವತಂತ್ರ ಭಾರತದಲ್ಲಿಯೂ ಮಾದರಿಗಳಿಗೆ ಕೊರತೆಯಿಲ್ಲ. ನಾಟಾ ಮರಗಳ ವ್ಯಾಪಾರಿ ಹೆಸರುಗಳಿಗೆ ಮತ್ತು ಸಂಕ್ಷಿಪ್ತ ಸಂಕೇತಗಳಿಗೆ ಐಎಸ್ 1150 ಎಂಬ ಭಾರತೀಯ ಮಾನಕವಿದೆ. ಭಾರತೀಯ ಆಯುರ್ವೇದ ಫಾರ್ಮಾಕೋಪಿಯ ಪ್ರತಿಯೊಂದು ಮೂಲಿಕೆಯ ವಿವರಣೆಯಲ್ಲಿ ಸಂಸ್ಕೃತ ಹೆಸರು, ವೈಜ್ಞಾನಿಕ ಹೆಸರುಗಳೊಂದಿಗೆ ಕನ್ನಡವೂ ಸೇರಿದಂತೆ ದೇಶಭಾಷೆಗಳ ಹೆಸರುಗಳನ್ನು ಕೊಡುತ್ತದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಮರದ ತುಂಡನ್ನು ಪರೀಕ್ಷಿಸಿ ಅದರ ಗುರುತು ಹೇಳುವ ಸೇವೆ ನೀಡುತ್ತದೆ. ಸಾಧನಗಳಿವೆ, ಅವು ವರ್ತಕರ ಮೇಜಿನ ಮೇಲೆ ಬಂದಿಲ್ಲ.

ಕೆಲವು ಆಕ್ಷೇಪಗಳು

ಲ್ಯಾಟಿನ್ ಪದಗಳನ್ನು ಸಣ್ಣ ವರ್ತಕರು ಹೇಗೆ ಬರೆಯಬೇಕು ಎಂಬುದು ಮೊದಲನೆಯ ಆಕ್ಷೇಪ. ಒಂದು ಸಾಮಿಲ್ಲಿನಲ್ಲಿ ವರ್ಷವೆಲ್ಲ ನಡೆಯುವುದು ಕೆಲವೇ ಬಗೆಯ ಮರಗಳ ವ್ಯವಹಾರ. ಬಿಲ್ಲಿನ ಗಣಕ ತಂತ್ರಾಂಶದಲ್ಲಿ ಒಮ್ಮೆ ತುಂಬಿಟ್ಟರೆ ಮತ್ತೆ ಬರೆಯುವ ಪ್ರಮೇಯವಿಲ್ಲ. ಎಚ್‌ಎಸ್‌ಎನ್ ಅಂಕಿಗಳನ್ನು ಕಲಿತವರಿಗೆ ಇದು ಭಾರವಾಗದು.

ವೈಜ್ಞಾನಿಕ ಹೆಸರುಗಳೂ ಬದಲಾಗುತ್ತವೆ ಎಂಬುದು ಎರಡನೆಯದು. ಇದು ನಿಜ. ಕರಿಜಾಲಿ ಬಹುಕಾಲ ಅಕೇಶಿಯಾ ನೈಲೋಟಿಕಾ ಆಗಿತ್ತು; 2005ರಲ್ಲಿ ವಿಯೆನ್ನಾದಲ್ಲಿ ಸೇರಿದ ಸಸ್ಯವಿಜ್ಞಾನಿಗಳ ನಿರ್ಣಯದ ಪರಿಣಾಮವಾಗಿ ವಾಚೆಲಿಯಾ ನೈಲೋಟಿಕಾ ಆಯಿತು. ಹೊಂಗೆಗೆ ಪೊಂಗಾಮಿಯಾ, ಮಿಲೆಟಿಯಾ ಎಂಬ ಎರಡು ಜಾತಿಯ ಹೆಸರುಗಳೂ ಬಳಕೆಯಲ್ಲಿವೆ. ಆದರೆ ಈ ಬದಲಾವಣೆಗಳಿಗೆ ದಾಖಲೆಯಿದೆ. ಹಳೆಯ ಹೆಸರಿನಿಂದ ಹೊಸದಕ್ಕೆ ದಾರಿ ಸಿಗುತ್ತದೆ. ಕಂಪನಿಯ ಹೆಸರು ಬದಲಾದರೂ ನೋಂದಣಿ ಕಚೇರಿಯಲ್ಲಿ ಅದರ ಜಾಡು ಉಳಿದಿರುವಂತೆ. ‘ಜಂಗಲ್‌ವುಡ್’ ಎಂಬ ಪದಕ್ಕೆ ಅಂತಹ ಜಾಡಿಲ್ಲ.

ಇಷ್ಟು ವಿವರ ಬರೆದರೆ ಅಧಿಕಾರಿಗಳ ಕೈಗೆ ಕೋಲು ಕೊಟ್ಟಂತಾಗದೆ ಎಂಬುದು ಬಹಿರಂಗವಾಗಿ ಯಾರೂ ಎತ್ತದ, ಒಳಗೊಳಗೆ ಎಲ್ಲರಲ್ಲಿಯೂ ಇರುವ ಮೂರನೆಯ ಆಕ್ಷೇಪ. ಅಸ್ಪಷ್ಟತೆ ವರ್ತಕರನ್ನು ಕಾಪಾಡುತ್ತದೆ ಎಂಬ ನಂಬಿಕೆ ಹಳೆಯದು. ಇ-ವೇ ಬಿಲ್ಲು, ರಹದಾರಿ ಮತ್ತು ರಿಟರ್ನುಗಳನ್ನು ಗಣಕಗಳು ಹೋಲಿಸಿ ನೋಡುವ ಈ ಕಾಲದಲ್ಲಿ ಅದಕ್ಕೆ ಆಧಾರವಿಲ್ಲ. ಹೆಸರು ಅಸ್ಪಷ್ಟವಾಗಿದ್ದಲ್ಲಿ ಸಂಶಯದ ಲಾಭ ಹೆಚ್ಚಾಗಿ ಇಲಾಖೆಗೇ ಸಲ್ಲುತ್ತದೆ. ಪ್ರಾಮಾಣಿಕವಾಗಿ ನಂದಿಯನ್ನು ನಂದಿಯೆಂದೇ ಮಾರುವವರಿಗೆ, ಅದನ್ನು ತೇಗವೆಂದು ಮಾರುವವರ ಎದುರು ಇರುವ ರಕ್ಷಣೆ ಈ ಬರಹವೊಂದೇ.

ಮಾಡಬೇಕಾದದ್ದು

ಮೊದಲನೆಯದಾಗಿ, ರಾಜ್ಯದ ವಾಣಿಜ್ಯ ಸಂಸ್ಥೆಗಳು ಒಟ್ಟುಗೂಡಿ, ಇಲ್ಲಿ ವ್ಯಾಪಾರದಲ್ಲಿರುವ ಮರಗಳ ಕೋಷ್ಟಕವೊಂದನ್ನು ಸಿದ್ಧಪಡಿಸಬೇಕು. ಕನ್ನಡದ ಹೆಸರು, ಕರಾವಳಿ, ಮಲೆನಾಡು, ಬಯಲುಸೀಮೆಗಳ ಪ್ರಾದೇಶಿಕ ಹೆಸರುಗಳು, ನೆರೆಯ ಭಾಷೆಗಳ ಹೆಸರು, ವ್ಯಾಪಾರಿ ಹೆಸರು, ವೈಜ್ಞಾನಿಕ ಹೆಸರು, ಅದರ ಹಳೆಯ ಪರ್ಯಾಯ, ಎಚ್‌ಎಸ್‌ಎನ್ ಸಂಕೇತ, ಸೈಟಿಸ್ ಸ್ಥಿತಿ ಇಷ್ಟು ಅಂಕಣಗಳು ಸಾಕು. ಪಟ್ಟಿಯನ್ನು ಸಸ್ಯವಿಜ್ಞಾನಿಗಳಿಂದ ಪರಿಶೀಲಿಸಬೇಕು. ಅನುಭವಿ ಡಿಪೋ ಮಾಲೀಕರನ್ನೂ ಬಡಗಿಗಳನ್ನೂ ಜೊತೆಗೆ ಕೂರಿಸಿಕೊಳ್ಳಬೇಕು. ಮರವನ್ನು ಕೈಯಲ್ಲಿ ಹಿಡಿದು ವಾಸನೆಯಿಂದಲೇ ಹೆಸರು ಹೇಳುವ ಹಿರಿಯರ ಜ್ಞಾನ ಬರಹಕ್ಕೆ ಇಳಿಯದಿದ್ದರೆ ಮುಂದೆ ಸಿಗಲಾರದು.

ಎರಡನೆಯದಾಗಿ, ಸದಸ್ಯರು ಖರೀದಿಯ ಹಂತದಲ್ಲಿಯೇ ಎರಡು ಹೆಸರುಗಳನ್ನು ಕೇಳಿ ಪಡೆಯಬೇಕು. ಕೊಂಡ ಬಿಲ್ಲಿನಲ್ಲಿ ಇಲ್ಲದ ಹೆಸರನ್ನು ಮಾರುವ ಬಿಲ್ಲಿನಲ್ಲಿ ಬರೆಯುವುದು ಊಹೆಯಾಗುತ್ತದೆ. ಗುರುತು ಸಂದೇಹವಿರುವ ದೊಡ್ಡ ಮೊತ್ತದ ಸರಕಿಗೆ ಪರೀಕ್ಷೆ ಮಾಡಿಸಿ ವರದಿಯನ್ನು ಬಿಲ್ಲಿನ ಜೊತೆ ಇರಿಸಬೇಕು. ಪರೀಕ್ಷೆಯ ಶುಲ್ಕ ವ್ಯವಹಾರದ ವೆಚ್ಚ; ಜಪ್ತಿಯಾದ ಮಾಲಿನ ನಷ್ಟಕ್ಕೆ ಹೋಲಿಸಿದರೆ ಅದು ಗಣನೆಗೆ ಬಾರದು.

ಮೂರನೆಯದಾಗಿ, ವೈಜ್ಞಾನಿಕ ಹೆಸರಿನ ನೆಪದಲ್ಲಿ ಕನ್ನಡದ ಹೆಸರನ್ನು ಕೈಬಿಡಬಾರದು. ಬಿಲ್ಲುಗಳಲ್ಲಿ ಹೊನ್ನೆ, ಮತ್ತಿ, ನಂದಿ, ಜಂಬೆ, ಹೆಬ್ಬಲಸುಗಳ ಜಾಗಕ್ಕೆ ‘ಜಂಗಲ್‌ವುಡ್’ ಬಂದು ಕುಳಿತಿರುವುದು ಭಾಷೆಗೂ ನಷ್ಟ, ವ್ಯಾಪಾರಕ್ಕೂ ನಷ್ಟ. ಆ ಒಂದೊಂದು ಹೆಸರಿನ ಹಿಂದೆಯೂ ಆ ಮರದ ಗಟ್ಟಿತನ, ಬಣ್ಣ, ಬಳಕೆಗಳ ತಿಳಿವಳಿಕೆ ಇದೆ, ಆದ್ದರಿಂದ ಒಂದೊಂದಕ್ಕೂ ಬೇರೆ ಬೇರೆ ದರವಿದೆ. ಹೆಸರು ಹೋದ ಮರ ಕಡಿಮೆ ದರಕ್ಕೆ ಮಾರಾಟವಾಗುತ್ತದೆ. ವೈಜ್ಞಾನಿಕ ಹೆಸರುಗಳಲ್ಲಿಯೂ ಈ ನೆಲದ ಮಾತು ಸೇರಿದೆ ಎಂಬುದನ್ನು ಮರೆಯಬಾರದು. ಟೆಕ್ಟೋನಾದಲ್ಲಿ ತೇಕ್ಕು ಇದೆ, ಸರಾಕಾ ಅಸೋಕಾದಲ್ಲಿ ಅಶೋಕವಿದೆ.

ತೆರಿಗೆ ಅಧಿಕಾರಿಗೆ ರೂಢಿಯ ಹೆಸರು ಬೇಕು, ಸುಂಕದ ಕಟ್ಟೆಗೆ ವೈಜ್ಞಾನಿಕ ಹೆಸರು ಬೇಕು, ಗ್ರಾಹಕರಿಗೆ ತಮಗೆ ತಿಳಿದ ಹೆಸರು ಬೇಕು. ಮೂವರಿಗೂ ಸಲ್ಲುವ ಬಿಲ್ಲು ಬರೆಯಲು ತಗಲುವುದು ಒಂದು ಸಾಲಿನಲ್ಲಿ ಎರಡು ಪದಗಳ ಹೆಚ್ಚಿನ ಶ್ರಮ. ಹೊಸ ಆರ್ಥಿಕ ವರ್ಷದ ಬಿಲ್ಲು ಪುಸ್ತಕ ತೆರೆಯುವ ಮೊದಲು ಪ್ರತಿಯೊಂದು ಡಿಪೋ, ಪ್ರತಿಯೊಂದು ಘಟಕ ತನ್ನ ದಾಸ್ತಾನಿನ ಮರಗಳ ಪಟ್ಟಿಯನ್ನು ಹೀಗೆ ತಿದ್ದಿಕೊಂಡರೆ ಕೋಷ್ಟಕದ ಅರ್ಧ ಕೆಲಸ ಅಲ್ಲಿಯೇ ಮುಗಿದಂತಾಗುತ್ತದೆ.